ಒಂಬತ್ತನೇ ರೀಲು

ಗುಳೇದಗುಡ್ಡದ ಟಾಕೀಜಿನ ಮ್ಯಾಲಿನ ಖೋಲ್ಯಾಗ
ಇಪ್ಪತ್ತೊಂದು ದಿವಸ, ದಿನಕ್ಕ ನಾಕು ಆಟ,
ಒಬ್ಬ ಮನಷ್ಯಾ ಇನ್ನೊಬ್ಬ ಆಗೂದನ್ನ
ಅಂಗೈ ಅಗಲದ ಕಿಂಡ್ಯಾಗಿಂದ ನೋಡೀನಿ ನಾನು.

ಸ್ಟೇಷನ್ನಿನ ಗುಮಾಸ್ತ ಅಂವ. ಹೆಸರು ವಾಮನ.
ಸತ್ತವನೊಬ್ಬನ ಹೆಸರಿಗೆ ಕಾಗದ ಬರತಾವು.
ಮೊದಲನೇದಕ್ಕ ಬರೀತಾನ: ಅವರು ತೀರಿಕೊಂಡಾರು.
ಬರದು, ಓದಿ, ಹರದು ಒಗೀತಾನ.
ಆ ರಾತ್ರಿ ಸತ್ತವನ ಸಹಿ ಕಲೀತಾನ.
ಐದನೇ ರೀಲಿಗೆ ಅವನ ಚಷ್ಮಾ, ಏಳನೇದಕ್ಕ ಅವನ ಕೆಮ್ಮು.
ಕೆಮ್ಮಿಗೆ ಮಂದಿ ನಗತಿದ್ರು. ಎಲ್ಲಾ ನೇಕಾರ ಮಂದಿ,
ನೂಲಿನ ಧೂಳ ಕುಡದ ಎದಿ, ಅವರದೂ ಅದ ಕೆಮ್ಮು.
ಯಾವುದು ಪಡದೇದು, ಯಾವುದು ಕುರ್ಚೇದು,
ಮ್ಯಾಲೆ ಕುಂತ ನನಗ ತಿಳೀತಿರಲಿಲ್ಲ.

ಒಂಬತ್ತನೇ ರೀಲು.
ಪ್ಲಾಟಫಾರ್ಮಿನ ಮ್ಯಾಲೆ ಹಿಂದಿನಿಂದ ಯಾರೋ ಕರೀತಾರ: ವಾಮನಾ.
ಅಂವ ತಿರುಗೂದಿಲ್ಲ.
ಅಷ್ಟ. ಮುಂದ ಗಾಡಿ ಸಿಳ್ಳು ಹೊಡೀತೈತಿ.

ಮೊದಲನೇ ವಾರ ಅಂದೆ: ಕಳ್ಳ, ಕೇಳದವರಂಗ ಮಾಡತಾನ.
ಎರಡನೇ ವಾರ: ಇಲ್ಲ ಬಿಡು, ಖರೇನ ಕೇಳಿಲ್ಲ.
ಮೂರನೇ ವಾರ, ಕಾರ್ಬನ್ ಕಡ್ಡಿ ಸವದು ಬೆಳಕು ತೂಗಾಡುವಾಗ
ಕಂಡಿತು:
ಕಣ್ಣು ತಿರುಗತಾವು, ಕುತ್ತಿಗಿ ತಿರುಗೂದಿಲ್ಲ.
ಸೆಕೆಂಡಿಗೆ ಇಪ್ಪತ್ನಾಕು ಚೌಕ. ಅದರಾಗ ನಾಕ ನಾಕರಾಗ
ಅಂವ ವಾಮನನೂ ಅಲ್ಲ, ಸತ್ತವನೂ ಅಲ್ಲ.

ಕಡೀ ಆಟ ಮುಗದ ಮ್ಯಾಲೆ ಬ್ಲೇಡು ತಗೊಂಡೆ.
ಯಾಕ ಅಂತ ಕೇಳಬ್ಯಾಡ್ರಿ.
ನಾಕು ಚೌಕ ಕೊಯ್ದು, ಅಂಟು ಹಚ್ಚಿ, ಉಸಿರು ಹಿಡದು ಒತ್ತಿದೆ,
ಎದುರು ಮನಿ ಸಾಂತವ್ವ ಕುಣಿಮಗ್ಗದಾಗ
ಹರದ ಎಳಿಗೆ ಗಂಟು ಹಾಕಿದಂಗ.
ಖಣ ತೊಟ್ಟಾಕಿಗೆ ಗಂಟು ಗೊತ್ತಾಗಬಾರದು ಅಂತಿದ್ದಳು ಆಕಿ.

ಮರುದಿನದ ಆಟದಾಗ ವಾಮನ ಗಕ್ಕನ ಜಿಗದ,
ಈ ದಂಡಿಯಿಂದ ಆ ದಂಡಿಗೆ, ನೀರು ಮುಟ್ಟದ.
ಮಾಲಕ ಬರಗುಂಡಿ ಕಲ್ಯಾಣಪ್ಪ ಕೆಳಗಿಂದ ಒದರಿದ:
ಏ ಆಪರೇಟರ್, ಪ್ರಿಂಟು ಹಳೇದಾತೇನು?
ಹೂಂ ಅಂದೆ.

ಹೊರಗಿನವರಿಗೆ ಗೊತ್ತಿರೂದಿಲ್ಲ ಇದು:
ರೀಲಿನ್ಯಾಗ ಮುಖ, ಮುಖದ ದನಿ ಒಂದ ಕಡೆ ಇರೂದಿಲ್ಲ.
ದನಿ ಇಪ್ಪತ್ತು ಚೌಕ ಮುಂದ ನಡೀತಿರತೈತಿ.
ಮುಖದ ಮಗ್ಗಲಿಗೆ ಕಾಣೂ ಡೊಂಕು ಗೆರಿ
ಇನ್ನೂ ಆಗದ ಹೊತ್ತಿನ ಸಪ್ಪಳ.
ನಾ ಕೊಯ್ದ ತುಂಡಿನ ಅಂಚಿಗೆ ಸಿಳ್ಳಿನ ಚೂರೊಂದು ಅಂಟೇತಿ.
ತಿರುಗಲೋ ಬ್ಯಾಡೋ ಅಂತ ಅಂವ ನಿಂತಾಗ
ಅವನ ಮಗ್ಗಲಿಗೇ ಗಾಡಿ ಹೊಂಟ ಬಿಟ್ಟೈತಿ.

ರೀಲಿನ ಪೆಟ್ಟಿಗಿ ಬಾಗಲಕೋಟಿ ಬಸ್ಸು ಹತ್ತಿ ಹೋದವು.
ನಾಕು ಚೌಕ ನನ್ನ ತಂಬಾಕಿನ ಡಬ್ಬ್ಯಾಗ ಉಳದವು.
ಮಷೀನು ಮಾರಿ ಹನ್ನೊಂದು ವರ್ಷಾತು;
ಕಿರಾಣಿ ಅಂಗಡ್ಯಾಗ, ಮಸೂತಿ ಮೆಟ್ಟಿಲ ಮ್ಯಾಲೆ, ಸಾವಿನ ಮನಿಯಾಗ
ಇನ್ನೂ ನಾ ಆಪರೇಟರ್.
ಆಗಾಗ ತಗದು ಬೆಳಕಿಗೆ ಹಿಡೀತೀನಿ.
ಉಗುರಿನಷ್ಟ ಮುಖ, ತಂಬಾಕಿನ ವಾಸನಿ.
ಏನಂತ ಕರೀಬೇಕು ಇವನ್ನ?

ನಿನ್ನೆ ಚಂಜೀಮುಂದ ಹಂಗ ಹಿಡಕೊಂಡು ಕುಂತಿದ್ದೆ.
ಹುನಗುಂದದಿಂದ ಬಂದ ಅಕ್ಕ ಹಿತ್ತಲದಾಗ ನಿಂತು
ಲಾಲ್ಯಾ, ಅಂದಳಂತ. ಮೂರು ಸಲ ಅಂದಳಂತ.
ಕೇಳಿತ್ತು ನನಗ. ಯಾರನ್ನೋ ಕರೀಲಿಕ್ಕತ್ತಾಳ ಅಂತ ಕೇಳಿತ್ತು.
ನಾಕನೇ ಸಲ ಸಿಟ್ಟಿಗೆದ್ದು: ಏ ಆಪರೇಟರ್!

ಕುತ್ತಿಗಿ ತಿರುಗಿತು.
ಕಣ್ಣು ಒಂದೀಟು ತಡಾ ಮಾಡಿದವು.
ಅಕ್ಕನ ಕೈಯಾಗ ಚಾದ ಬಟ್ಟಲ,
ಮ್ಯಾಲೆ ಕೆನಿ ಕಟ್ಟಿತ್ತು.